ಒಬ್ಬರ ಸಂಬಳ ಒಲೆಗೆ, ಒಬ್ಬರ ಸಂಬಳ ಗೋಡೆಗೆ

ಆಕೆ ಮೊದಲ ಸಲ ನನ್ನ ಹತ್ತಿರ ಆಪ್ತಸಮಾಲೋಚನೆಗೆ ಬಂದಾಗ ಕೈಯಲ್ಲಿ ನಾಲ್ಕು ಮಡಿಕೆ ಹಾಕಿದ ಒಂದು ಹಾಳೆ ಇತ್ತು. ಗಂಡ ಎಕ್ಸೆಲ್‌ನಲ್ಲಿ ಲೆಕ್ಕ ಹಾಕಿ, ಪ್ರಿಂಟ್ ತೆಗೆದು, ಊಟದ ಮೇಜಿನ ಮೇಲಿಟ್ಟು ಆಫೀಸಿಗೆ ಹೋಗಿದ್ದರಂತೆ. ಹಾಳೆಯ ಕೊನೆಯಲ್ಲಿ ದಪ್ಪಕ್ಷರದಲ್ಲಿ ಒಂದು ಸಂಖ್ಯೆ: 14,200. ಅದರ ಕೆಳಗೆ, "ಇಷ್ಟಕ್ಕೆ ಇಷ್ಟು ಒದ್ದಾಟ ಬೇಕಾ? ಯೋಚನೆ ಮಾಡು."

"ಇವರು ಕೋಪದಲ್ಲಿ ಕೊಟ್ಟಿದ್ದಲ್ಲ ಮೇಡಂ. ಕೋಪದಲ್ಲಿ ಕೊಟ್ಟಿದ್ರೆ ನಾನೂ ಜಗಳ ಆಡ್ತಿದ್ದೆ. ಲೆಕ್ಕ ಸರಿಯಾಗೇ ಇದೆ. ಅದಕ್ಕೇ ಏನು ಹೇಳ್ಬೇಕೋ ಗೊತ್ತಾಗ್ತಿಲ್ಲ" ಅಂದರು.

ಇವರನ್ನು ವಿದ್ಯಾ ಎಂದೂ ಗಂಡನನ್ನು ಪ್ರಸನ್ನ ಎಂದೂ ಕರೆಯುತ್ತೇನೆ. ಹೆಸರು, ಕೆಲಸ, ಗುರುತು ಹಿಡಿಯಬಹುದಾದ ವಿವರಗಳನ್ನೆಲ್ಲ ಬದಲಿಸಿದ್ದೇನೆ, ಮೊತ್ತಗಳನ್ನೂ ಹತ್ತಿರದ ಸಂಖ್ಯೆಗೆ ಸರಿಹೊಂದಿಸಿದ್ದೇನೆ. ಪ್ರಕರಣವನ್ನು ಬರೆಯಲು ಇಬ್ಬರೂ ಒಪ್ಪಿದ್ದಾರೆ. ಬೆಂಗಳೂರಿನ ಬನಶಂಕರಿ ಕಡೆ ಮನೆ, ಏಳು ವರ್ಷದ ಮಗಳು, ಒಂದು ವರ್ಷ ಎಂಟು ತಿಂಗಳ ಮಗ. ವಿದ್ಯಾಗೆ ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿ ವರ್ಷಕ್ಕೆ 9 ಲಕ್ಷದ ಸಂಬಳ, ಪ್ರಸನ್ನ ಅವರಿಗೆ 18 ಲಕ್ಷ. 2025ರ ನವೆಂಬರ್‌ನಲ್ಲಿ ಬಂದವರು. ಕೇಳಿದ ಪ್ರಶ್ನೆ ಒಂದೇ: ಕೆಲಸ ಬಿಡಬೇಕೋ ಬೇಡವೋ?

ಎರಡು ಸಂಬಳದ ಮನೆಗಳ ಜಗಳ ನನ್ನಲ್ಲಿಗೆ ಬರುವಾಗ ಸಾಮಾನ್ಯವಾಗಿ ಅತ್ತೆಯ ಹೆಸರಿನಲ್ಲೋ ಮೊಬೈಲಿನ ಹೆಸರಿನಲ್ಲೋ ಬರುತ್ತದೆ. ಹೀಗೆ ಹಾಳೆಯಾಗಿ ಬರುವುದು ಅಪರೂಪ. ಹಾಗಾಗಿ ಅವರ ಮನಸ್ಸಿಗಿಂತ ಮೊದಲು ಹಾಳೆಯನ್ನೇ ಓದೋಣ ಅಂದೆ. ಹೆಣ್ಣಿನ ದುಡಿಮೆ, ಸ್ವಾಭಿಮಾನ ಎಂದೆಲ್ಲ ಮಾತಾಡಿದ್ದರೆ ವಿದ್ಯಾ ತಲೆಯಾಡಿಸಿ ಎದ್ದು ಹೋಗುತ್ತಿದ್ದರು. ಲೆಕ್ಕದಿಂದ ಗಾಯವಾದವರಿಗೆ ಲೆಕ್ಕದಲ್ಲೇ ಉತ್ತರ ಸಿಗಬೇಕು.

ಹಾಳೆಯಲ್ಲಿ ಇದ್ದದ್ದು ಇಷ್ಟು. ತಿಂಗಳ ಸಂಬಳ 75,000. ಅದರಲ್ಲಿ ತೆರಿಗೆ 22,500, ಪಿಎಫ್ ಮತ್ತು ವೃತ್ತಿ ತೆರಿಗೆ 3,800, ಮಗನ ಡೇ ಕೇರ್ 14,000, ಅಡುಗೆಯವರು ಮತ್ತು ಮನೆಕೆಲಸದವರು 9,000, ಮಗಳ ಸ್ಕೂಲ್ ವ್ಯಾನ್ 2,500, ವಿದ್ಯಾರ ಓಡಾಟ 4,000, ಸುಸ್ತಾದ ದಿನ ಹೊರಗಿಂದ ತರಿಸುವ ಊಟ 5,000. ಉಳಿದದ್ದು 14,200.

ಮೊದಲ ಸಾಲಿಗೇ ಬೆರಳಿಟ್ಟು ಕೇಳಿದೆ, "ನಿಮ್ಮ ಪೇ ಸ್ಲಿಪ್‌ನಲ್ಲಿ ತಿಂಗಳಿಗೆ 22,500 ಟಿಡಿಎಸ್ ಕಟ್ಟಾಗ್ತಿದೆಯಾ?"

ವಿದ್ಯಾ ಫೋನ್ ತೆಗೆದರು. ಕಂಪನಿಯ ಆ್ಯಪ್‌ನ ಪಾಸ್‌ವರ್ಡ್ ಮರೆತಿತ್ತು. ಹತ್ತು ನಿಮಿಷ ಹಿಡಿಯಿತು. ದಿನವಿಡೀ ಬೇರೆಯವರ ಲೆಕ್ಕ ನೋಡುವ ಹೆಂಗಸು, ತನ್ನ ಪೇ ಸ್ಲಿಪ್ ತೆರೆದು ಎಂಟು ತಿಂಗಳಾಗಿತ್ತು. ಟಿಡಿಎಸ್, ಅಂದರೆ ಸಂಬಳದಲ್ಲೇ ಹಿಡಿದುಕೊಳ್ಳುವ ತೆರಿಗೆ, ಎಂಬ ಸಾಲಿನ ಮುಂದೆ ಸೊನ್ನೆ ಇತ್ತು. ಅದನ್ನು ಎರಡು ಬೆರಳಲ್ಲಿ ಹಿಗ್ಗಿಸಿ ನೋಡಿದರು, ಮತ್ತೆ ಹಾಳೆ ನೋಡಿದರು. ಕಣ್ಣಲ್ಲಿ ನೀರು ಬಂದದ್ದು ಆಗ.

ಈ ಸೊನ್ನೆ ಹೇಗೆ ಬಂತು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಅನೇಕ ಮನೆಗಳಲ್ಲಿ ಇದೇ ತಪ್ಪು ತಿಳಿವಳಿಕೆ ಕೂತಿದೆ. ನಮ್ಮಲ್ಲಿ ಗಂಡನ ಸಂಬಳಕ್ಕೆ ಹೆಂಡತಿಯ ಸಂಬಳವನ್ನು ಸೇರಿಸಿ ತೆರಿಗೆ ಹಾಕುವುದಿಲ್ಲ. ಇಬ್ಬರಿಗೂ ಬೇರೆ ಬೇರೆ ಪ್ಯಾನ್, ಬೇರೆ ಬೇರೆ ರಿಟರ್ನ್, ಸ್ಲ್ಯಾಬು, ಅಂದರೆ ಆದಾಯ ಏರಿದಂತೆ ತೆರಿಗೆ ದರ ಏರುವ ಮೆಟ್ಟಿಲು, ಇಬ್ಬರಿಗೂ ಸೊನ್ನೆಯಿಂದಲೇ ಶುರು. ಪ್ರಸನ್ನ ಅವರ ಅಣ್ಣ ಅಮೆರಿಕದಲ್ಲಿದ್ದಾರೆ. ಅಲ್ಲಿ ಗಂಡ ಹೆಂಡತಿ ಆದಾಯ ಕೂಡಿಸಿ ಒಂದೇ ರಿಟರ್ನ್ ಸಲ್ಲಿಸುವ ಪದ್ಧತಿ ಇದೆ, ಬಹುಪಾಲು ದಂಪತಿಗಳು ಹಾಗೆಯೇ ಮಾಡುತ್ತಾರೆ. ಅಲ್ಲಿ ಎರಡನೆಯವರು ದುಡಿದ ಮೊದಲ ಡಾಲರೂ ಮೊದಲನೆಯವರ ಮೇಲಿನ ಸ್ಲ್ಯಾಬಿನಲ್ಲೇ ಹೋಗಿ ಕೂರುತ್ತದೆ. ಅಣ್ಣ ಫೋನಿನಲ್ಲಿ ತಮ್ಮ ಮನೆಯ ಕಥೆ ಹೇಳಿದ್ದರು, ಪ್ರಸನ್ನ ಅದನ್ನು ಬನಶಂಕರಿಗೆ ತಂದು 30 ಪರ್ಸೆಂಟ್ ಹಾಕಿದ್ದರು.

2025–26ರ ಆದಾಯ ತೆರಿಗೆಯ ಹೊಸ ಪದ್ಧತಿಯಲ್ಲಿ ಸಂಬಳದವರಿಗೆಲ್ಲ ಸಿಗುವ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದು ವಿದ್ಯಾರ ತೆರಿಗೆಗೊಳಪಡುವ ಆದಾಯ 8.25 ಲಕ್ಷ. 12 ಲಕ್ಷದವರೆಗೆ ಪೂರ್ತಿ ರಿಯಾಯಿತಿ, ಹಾಗಾಗಿ ತೆರಿಗೆ ಇಲ್ಲ. ಪ್ರಸನ್ನ ಅವರ 17.25 ಲಕ್ಷಕ್ಕೆ ಸೆಸ್ ಸೇರಿ 1,50,800. ಮನೆಗೆ ಬರುವ 27 ಲಕ್ಷದಲ್ಲಿ ವರ್ಷಕ್ಕೆ ಹೋಗುವ ಆದಾಯ ತೆರಿಗೆ ಅಷ್ಟೇ. ಇದೇ 27 ಲಕ್ಷವನ್ನು ಒಬ್ಬರೇ ದುಡಿದಿದ್ದರೆ 3,82,200 ಕಟ್ಟಬೇಕಿತ್ತು. ಅಂದರೆ ಒಂದೇ ಮೊತ್ತ ಎರಡು ಕೈಗಳಿಂದ ಬಂದದ್ದಕ್ಕೆ ಈ ಮನೆಯಲ್ಲಿ 2,31,400 ರೂಪಾಯಿ ಉಳಿಯುತ್ತಿದೆ. ಎರಡನೇ ಸಂಬಳಕ್ಕೆ ನಮ್ಮ ಕಾನೂನು ದಂಡ ಹಾಕುವುದಿಲ್ಲ. ದಂಡ ಬೀಳುವುದು ಮನೆಯೊಳಗೆ.

ಅದು ಹೇಗೆ ಎಂಬುದು ಎರಡನೇ ಭೇಟಿಯಲ್ಲಿ ಗೊತ್ತಾಯಿತು. ಇಬ್ಬರ ಮೂರು ವರ್ಷದ ಫಾರಂ 16, ಅಂದರೆ ಸಂಬಳ ಮತ್ತು ಕಟ್ಟಾದ ತೆರಿಗೆಯ ಬಗ್ಗೆ ಕಂಪನಿ ಕೊಡುವ ವರ್ಷದ ಪತ್ರ, ತರಲು ಹೇಳಿದ್ದೆ. ನಡುವೆ ಇಬ್ಬರಿಗೂ ಇನ್‌ಕ್ರಿಮೆಂಟ್ ಆಗಿದೆ, ಅದನ್ನು ಬದಿಗಿಟ್ಟು ಈಗಿನ ಸಂಬಳವನ್ನೇ ಹಿಂದಿನ ವರ್ಷಗಳ ಸ್ಲ್ಯಾಬಿಗೂ ಹಾಕಿ ನೋಡಿದೆವು. 9 ಲಕ್ಷಕ್ಕೆ 2023–24ರಲ್ಲಿ 41,600 ತೆರಿಗೆ ಬೀಳುತ್ತಿತ್ತು, 2024–25ರಲ್ಲಿ 33,800, ಈಗ ಸೊನ್ನೆ. 18 ಲಕ್ಷಕ್ಕೆ 2,34,000 ಇದ್ದದ್ದು 2,15,800 ಆಗಿ, ಈಗ 1,50,800ಕ್ಕೆ ಇಳಿದಿದೆ. ಕಂಪನಿ ಒಂದು ರೂಪಾಯಿ ಹೆಚ್ಚಿಸದಿದ್ದರೂ ಕಳೆದ ವರ್ಷಕ್ಕಿಂತ ಈ ವರ್ಷ ಮನೆಗೆ 98,800 ಹೆಚ್ಚು ಬರಬೇಕು. ಬಂದಿದೆ ಕೂಡ. ಎಲ್ಲಿ ಹೋಯಿತು ಅಂತ ಕೇಳಿದೆ.

ಪ್ರಸನ್ನ ಅವರ ಪಾಲಿನದು ತಿಂಗಳಿಗೆ 5,400ರಷ್ಟು. ಏಪ್ರಿಲ್‌ನಲ್ಲೇ ಅವರು ಮ್ಯೂಚುವಲ್ ಫಂಡಿಗೆ ತಿಂಗಳು ತಿಂಗಳು ಹಾಕುವ ಎಸ್‌ಐಪಿಯನ್ನು 15,000ದಿಂದ 20,000ಕ್ಕೆ ಏರಿಸಿಕೊಂಡಿದ್ದರು. ವಿದ್ಯಾರ ಪಾಲಿನದು ತಿಂಗಳಿಗೆ 2,800. ಅದು ಬಂದದ್ದೇ ಅವರಿಗೆ ಗೊತ್ತಿರಲಿಲ್ಲ. ಹಾಲು, ತರಕಾರಿ, ಮಗಳ ಡ್ಯಾನ್ಸ್ ಕ್ಲಾಸು, ಡೇ ಕೇರ್‌ನವರು ಜೂನ್‌ನಲ್ಲಿ ಏರಿಸಿದ ಫೀಸು ಅದನ್ನು ನುಂಗಿ ಹಾಕಿದ್ದವು.

ನನಗೆ ಈ ಪ್ರಕರಣ ಬಿಡಿಸಿಕೊಂಡದ್ದು ಇಲ್ಲಿ. ಸರ್ಕಾರ ಇಬ್ಬರಿಗೂ ಬಿಟ್ಟುಕೊಟ್ಟಿತು. ಒಬ್ಬರದು ಆಸ್ತಿಯಾಯಿತು, ಇನ್ನೊಬ್ಬರದು ಸಾರಾಯಿತು. ಮದುವೆಯಾದ ಮೊದಲ ವರ್ಷದಲ್ಲಿ ಇಬ್ಬರೂ ಮಾಡಿಕೊಂಡ ಒಂದು ಸಹಜವಾದ ಹಂಚಿಕೆ ಇತ್ತು: ಮನೆ ಸಾಲದ ಕಂತು ಇವರು ಕಟ್ಟುತ್ತಾರೆ, ಮನೆ ಖರ್ಚು ಅವಳು ನೋಡಿಕೊಳ್ಳುತ್ತಾಳೆ. ಕೇಳಲು ಎಷ್ಟು ನ್ಯಾಯವಾಗಿದೆ! ಒಂಬತ್ತು ವರ್ಷ ಕಳೆದ ಮೇಲೆ ಮನೆ ಪ್ರಸನ್ನ ಅವರ ಹೆಸರಲ್ಲಿದೆ, ಕಾರು ಅವರ ಹೆಸರಲ್ಲಿದೆ, 6 ಲಕ್ಷದ ಎಫ್‌ಡಿ, ಎಸ್‌ಐಪಿ, ಆರ್‌ಡಿ ಎಲ್ಲ ಅವರ ಹೆಸರಲ್ಲಿವೆ. ವಿದ್ಯಾರ ಹೆಸರಲ್ಲಿ ಪಿಎಫ್ ಮತ್ತು ಆಫೀಸಿನ ಗೆಳತಿಯರ ಜೊತೆ ಹಾಕಿದ ಒಂದು ಚೀಟಿ. ಒಬ್ಬರ ಸಂಬಳ ಒಲೆಗೆ ಹೋಯಿತು, ಒಬ್ಬರದು ಗೋಡೆಗೆ. ಗೋಡೆ ಕಣ್ಣಿಗೆ ಕಾಣುತ್ತದೆ. ಒಲೆಗೆ ಹೋದದ್ದನ್ನು ಯಾರು ನೆನಪಿಡುತ್ತಾರೆ? ಹಾಗಾಗಿಯೇ "ನಿನ್ನ ಸಂಬಳದಲ್ಲಿ ಏನೂ ಉಳಿಯಲ್ಲ" ಎಂಬ ಮಾತು ಪ್ರಸನ್ನ ಅವರಿಗೆ ಸುಳ್ಳು ಅನ್ನಿಸಲೇ ಇಲ್ಲ, ವಿದ್ಯಾಗೂ ಅನ್ನಿಸಲಿಲ್ಲ.

ಮೂರನೇ ಭೇಟಿಗೆ ಪ್ರಸನ್ನ ಬಂದರು. ಲ್ಯಾಪ್‌ಟಾಪ್ ತಂದಿದ್ದರು. ಸೌಮ್ಯ ಮನುಷ್ಯ. ತೆರಿಗೆಯ ತಪ್ಪನ್ನು ವಿದ್ಯಾ ಆಗಲೇ ಹೇಳಿದ್ದರು, ಅದನ್ನು ಸಂಕೋಚದಿಂದಲೇ ಒಪ್ಪಿಕೊಂಡು ಆ ಸಾಲಿಗೆ ಸೊನ್ನೆ ಹಾಕಿದ್ದರು. ಉಳಿಕೆ 36,700 ಆಗಿತ್ತು. "ಆದ್ರೂ ಮೇಡಂ..." ಎಂದು ಶುರು ಮಾಡಿದರು.

ನಾನು ಪರದೆಯನ್ನು ಮೂವರಿಗೂ ಕಾಣುವಂತೆ ತಿರುಗಿಸಿಕೊಂಡೆ. ಎರಡು ಕಾಲಂ ಇದ್ದವು, ಅವನದು, ಅವಳದು. ವ್ಯಾನ್ ಸಾಲಿನ ಬಗ್ಗೆ ಕೇಳಿದೆ, ವಿದ್ಯಾ ಮನೆಯಲ್ಲಿದ್ದರೆ ಮಗಳು ಸ್ಕೂಲಿಗೆ ನಡೆದುಕೊಂಡು ಹೋಗುತ್ತಾಳಾ? ಇಲ್ಲ, ಅದು ಹೇಗಿದ್ದರೂ ಇರುವ ಖರ್ಚು, ತೆಗೆದರು. ಮನೆಕೆಲಸದವರ 3,000? ಅವರು ಮಗಳು ಹುಟ್ಟುವ ಮೊದಲಿಂದ ಇದ್ದಾರೆ, ಅದನ್ನೂ ತೆಗೆದರು. ಡೇ ಕೇರ್, ಅಡುಗೆಯವರ 6,000, ಓಡಾಟ, ಹೊರಗಿನ ಊಟ, ವಿದ್ಯಾ ಕೆಲಸಕ್ಕೆ ಹೋಗುವುದರಿಂದಲೇ ಬರುವ ಖರ್ಚು ಇಷ್ಟೇ, 29,000. ಎಲ್ಲವನ್ನೂ ಅವರ ಸಂಬಳದ ಮೇಲೇ ಹೊರಿಸಿದರೂ ಕೈಗೆ ಬರುವ 71,200ರಲ್ಲಿ 42,200 ಉಳಿಯುತ್ತದೆ.

ಆಮೇಲೆ ಕೇಳಿದೆ, "ಡೇ ಕೇರ್ ಸಾಲು ವಿದ್ಯಾ ಅವರ ಕಾಲಂನಲ್ಲಿ ಯಾಕಿದೆ?"

ಪ್ರಸನ್ನ ಕರ್ಸರ್ ಅನ್ನು ಆ ಸಾಲಿನ ಮೇಲೆ ತಂದರು. ಮೌಸ್ ಒತ್ತಿ ಹಿಡಿದು ಮಧ್ಯದವರೆಗೆ ಎಳೆದರು. ಮಧ್ಯದಲ್ಲಿ ಕಾಲಂ ಇರಲಿಲ್ಲ. ಅಲ್ಲೇ ನಿಲ್ಲಿಸಿಕೊಂಡು ಕೂತರು. ಫ್ಯಾನಿನ ಸದ್ದು ಬಿಟ್ಟರೆ ಬೇರೆ ಏನೂ ಕೇಳಿಸುತ್ತಿರಲಿಲ್ಲ. ಆಮೇಲೆ ನಿಧಾನವಾಗಿ ಹೇಳಿದರು: "ಲೆಕ್ಕ ಮಾಡಿದ್ದು ಆಮೇಲೆ ಮೇಡಂ. ಕೆಲಸ ಬಿಡಿಸ್ಬೇಕು ಅಂತ ಮೊದಲೇ ಅನ್ಸಿತ್ತು."

ಮಳೆಗಾಲದಲ್ಲಿ ಮಗನಿಗೆ ಮೂರು ಸಲ ಜ್ವರ, ಕಿವಿ ಸೋರಿಕೆ. ಮೂರು ಸಲವೂ ರಜೆ ಹಾಕಿದ್ದು ವಿದ್ಯಾ. ನಾಲ್ಕನೇ ಸಲ ಅವರಿಗೆ ವರ್ಷದ ಲೆಕ್ಕಪತ್ರ ಮುಗಿಸುವ ಕೆಲಸವಿತ್ತು, ಪ್ರಸನ್ನ ಒಂದು ದಿನ ಮನೆಯಲ್ಲಿ ಉಳಿದರು. ಮಗು ಬೆಳಗಿಂದ ಸಂಜೆವರೆಗೆ ಇವರ ಹೆಗಲ ಮೇಲೆ ನರಳುತ್ತಲೇ ಇತ್ತು, ಇವರಿಗೆ ಏನು ಮಾಡಬೇಕೆಂದು ತೋಚಲಿಲ್ಲ. ಆ ರಾತ್ರಿ ಕೂತು ಮಾಡಿದ್ದು ಈ ಎಕ್ಸೆಲ್. "ನನಗೆ ಹೆದರಿಕೆ ಆಯ್ತು ಅಂತ ಹೇಳೋಕೆ ಬರ್ಲಿಲ್ಲ. ಲೆಕ್ಕ ಹೇಳೋಕೆ ಬರುತ್ತೆ" ಅಂದರು. ವಿದ್ಯಾ ಅವರ ಕಡೆ ತಿರುಗಿ, "ನಂಗೂ ಹೆದರಿಕೆ ಆಗುತ್ತೆ ರೀ, ಪ್ರತಿ ಸಲ" ಅಂದರು. ಈ ಮಾತು ಇವರಿಬ್ಬರ ನಡುವೆ ಅದೇ ಮೊದಲ ಸಲ ಬಂದದ್ದು.

ನಾನು ವಿದ್ಯಾರನ್ನೂ ಕೇಳಿದ್ದೆ, ದುಡ್ಡಿನ ಚಿಂತೆಯೇ ಇಲ್ಲ ಅಂದುಕೊಳ್ಳಿ, ಕೆಲಸ ಬಿಡುತ್ತೀರಾ? ತುಂಬ ಹೊತ್ತು ಯೋಚಿಸಿದರು. "ಬಿಡಲ್ಲ ಮೇಡಂ. ಹದಿನೈದು ದಿನ ಮಲಗ್ಬೇಕು, ಅಷ್ಟೇ." ಐದು ಗಂಟೆಗೆ ಏಳುತ್ತಾರೆ, ಹನ್ನೊಂದಕ್ಕೆ ಮಲಗುತ್ತಾರೆ, ನಡುರಾತ್ರಿ ಮಗ ಎಬ್ಬಿಸುತ್ತಾನೆ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಮನೆಗೆಲಸಕ್ಕೆ ಕೈಹಾಕುವ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ಅದಕ್ಕೆ ಕೊಡುತ್ತಾರೆ, ಗಂಡಸರು 88 ನಿಮಿಷ. ಆ ನಿಮಿಷಗಳಿಗೆ ಫಾರಂ 16 ಇಲ್ಲ. ವಿದ್ಯಾರ ಆಯಾಸ ನಿಜ, ಪ್ರಸನ್ನ ಅವರ ಹೆದರಿಕೆಯೂ ನಿಜ. ಎರಡಕ್ಕೂ ಮದ್ದು ರಾಜೀನಾಮೆಯಲ್ಲಿ ಇರಲಿಲ್ಲ.

ಕೊಟ್ಟ ಸಲಹೆಗಳಿಗೆ ಬರುತ್ತೇನೆ. ನಾನು ಆಡಿಟರ್ ಅಲ್ಲ, ಸಂಖ್ಯೆಗಳನ್ನು ಅವರ ಆಡಿಟರ್ ಹತ್ತಿರ ಒಮ್ಮೆ ತಾಳೆ ನೋಡಿ ಎಂದೇ ಹೇಳಿದೆ, ನೋಡಿಕೊಂಡು ಬಂದರು.

ರಾಜೀನಾಮೆಯ ಮಾತನ್ನು ಮುಂದಿನ ಸೆಪ್ಟೆಂಬರ್‌ವರೆಗೆ ಎತ್ತುವುದೇ ಬೇಡ ಅಂದೆ. ವಿದ್ಯಾ ಆ ಕಂಪನಿ ಸೇರಿ ನಾಲ್ಕು ವರ್ಷ ಎರಡು ತಿಂಗಳಾಗಿತ್ತು. ಐದು ವರ್ಷ ತುಂಬಿದರೆ ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಕಂಪನಿ ಕೊಡುವ ಇಡುಗಂಟು, ಅವರ 30,000 ಬೇಸಿಕ್ ಮಾತ್ರ ಹಿಡಿದರೂ ಸುಮಾರು 86,500. ಹತ್ತು ತಿಂಗಳು ಮೊದಲು ಬಿಟ್ಟರೆ ಅದು ಇಲ್ಲ. ಪ್ರಸನ್ನ ಹೇಳುತ್ತಿದ್ದ "ಮೂರು ವರ್ಷದ ಬಿಡುವು" ಎಂಬುದರ ಬೆಲೆಯನ್ನೂ ಅವರ ಕೈಯಲ್ಲೇ ಬರೆಸಿದೆ: ಕೈಗೆ ಬರುವ ಸಂಬಳವೇ 25 ಲಕ್ಷ ದಾಟುತ್ತದೆ, ವಿದ್ಯಾರದು ಮತ್ತು ಕಂಪನಿಯದು ಸೇರಿ ಪಿಎಫ್ ಎರಡೂವರೆ ಲಕ್ಷ, ಬಡ್ಡಿ ಬೇರೆ. ಡೇ ಕೇರ್ ಖರ್ಚು ಮಗ ಸ್ಕೂಲಿಗೆ ಸೇರಿದ ದಿನ ಇಳಿಯುತ್ತದೆ. ಬಿಟ್ಟ ಕೆಲಸ ಅದೇ ಸಂಬಳಕ್ಕೆ, ಅದೇ ಜಾಗದಲ್ಲಿ ಕಾದುಕೊಂಡು ಕೂತಿರುವುದಿಲ್ಲ.

ಪ್ರಸನ್ನ ಅವರ ತಲೆಯಲ್ಲಿ ಇನ್ನೊಂದು ಯೋಜನೆ ಇತ್ತು. ವಿದ್ಯಾ ಕೆಲಸ ಬಿಟ್ಟರೆ ಅವರಿಗೆ ಆದಾಯ ಇರುವುದಿಲ್ಲ, ಆಗ ತಮ್ಮ 6 ಲಕ್ಷದ ಎಫ್‌ಡಿಯನ್ನು ಅವರ ಹೆಸರಿಗೆ ಮಾಡಿಸಿದರೆ ಬಡ್ಡಿಗೆ ತೆರಿಗೆ ತಪ್ಪುತ್ತದೆ ಎಂದು. ಹಾಗೆ ಆಗುವುದಿಲ್ಲ. ಗಂಡ ಕೊಟ್ಟ ದುಡ್ಡಿನಿಂದ ಹೆಂಡತಿಯ ಹೆಸರಲ್ಲಿ ಬರುವ ಬಡ್ಡಿಯನ್ನು ಗಂಡನ ಆದಾಯಕ್ಕೇ ಸೇರಿಸಿ ತೆರಿಗೆ ಹಾಕುತ್ತಾರೆ. ಆದರೆ ಹೆಂಡತಿ ತನ್ನ ಸ್ವಂತ ಸಂಬಳದಿಂದ ಇಟ್ಟ ಎಫ್‌ಡಿಯ ಬಡ್ಡಿ ಅವಳದೇ. 6 ಲಕ್ಷಕ್ಕೆ ಶೇ 7ರಂತೆ ಬರುವ 42,000 ಬಡ್ಡಿಗೆ ಪ್ರಸನ್ನ ಸುಮಾರು 8,700 ತೆರಿಗೆ ಕಟ್ಟಬೇಕು. ಅಷ್ಟೇ ಬಡ್ಡಿ ವಿದ್ಯಾರ ಸ್ವಂತ ದುಡ್ಡಿನಿಂದ ಬಂದಿದ್ದರೆ ಏನೂ ಇಲ್ಲ, ಅವರ ಒಟ್ಟು ಆದಾಯ 12 ಲಕ್ಷದಿಂದ ಇನ್ನೂ ಬಹಳ ಕೆಳಗಿದೆ. ಅಂದರೆ ತೆರಿಗೆಯ ಲೆಕ್ಕದಲ್ಲೇ ನೋಡಿದರೂ ಈ ಮನೆ ಒಂಬತ್ತು ವರ್ಷ ತಿರುಗುಮುರುಗಾಗಿ ನಡೆದಿದೆ. ಹೆಚ್ಚು ತೆರಿಗೆ ಕಟ್ಟುವವರ ಸಂಬಳ ಖರ್ಚಿಗೆ ಹೋಗಬೇಕಿತ್ತು, ಕಡಿಮೆ ತೆರಿಗೆ ಕಟ್ಟುವವರ ಸಂಬಳ ಉಳಿತಾಯಕ್ಕೆ ಹೋಗಬೇಕಿತ್ತು. ನ್ಯಾಯವೂ ಲಾಭವೂ ಒಂದೇ ದಾರಿಯಲ್ಲಿ ಸಿಗುವುದು ನನ್ನ ಕೆಲಸದಲ್ಲಿ ಅಪರೂಪ, ಹಾಗಾಗಿ ಇದನ್ನು ಒತ್ತಿ ಹೇಳಿದೆ.

ಹಾಗಾದರೆ ಮಕ್ಕಳದು, ದಿನಸಿ, ಹಾಲು ತರಕಾರಿ, ಕೆಲಸದವರು, ಇನ್ಶೂರೆನ್ಸ್ ಸೇರಿ ತಿಂಗಳ 59,500ರಲ್ಲಿ 40,000 ಪ್ರಸನ್ನ ಕೊಡಲಿ, ಉಳಿದದ್ದು ವಿದ್ಯಾ ಕೊಡಲಿ ಎಂದು ಸೂಚಿಸಿದೆ. ಪ್ರಸನ್ನ ಮನಸ್ಸಿನಲ್ಲೇ ಕೂಡಿಸಿ ಕಳೆದು ನೋಡಿದರು. ಮನೆ ಸಾಲದ ಕಂತು 48,000, ಕಾರಿನದು 14,000, ಪೆಟ್ರೋಲು, ತಂದೆಯ ಔಷಧಿ. "ಹಂಗಾದ್ರೆ ನನ್ನ ಸಂಬಳದಲ್ಲಿ ಏನು ಉಳಿಯುತ್ತೆ?" ಅಂದುಬಿಟ್ಟರು. ಅಂದ ಮೇಲೆ ತಾವೇ ಸುಮ್ಮನಾದರು. ಒಂಬತ್ತು ವರ್ಷ ವಿದ್ಯಾ ಇದೇ ಪ್ರಶ್ನೆಯ ಜೊತೆ ಬದುಕಿದ್ದಾರೆ ಎಂದು ನಾನು ಬಿಡಿಸಿ ಹೇಳುವ ಅಗತ್ಯ ಬೀಳಲಿಲ್ಲ.

ಎರಡು ವಾರ ಚರ್ಚೆ ಮಾಡಿ ಅವರೇ ಒಂದು ಮಧ್ಯದ ದಾರಿಗೆ ಬಂದರು. ಜಂಟಿ ಖಾತೆಯೊಂದನ್ನು ತೆರೆದು ಪ್ರತಿ ತಿಂಗಳು 1ನೇ ತಾರೀಕು ಹೆಚ್ಚೂಕಡಿಮೆ ಅರ್ಧ ಅರ್ಧ ಹಾಕುವುದು, ಮನೆ ಖರ್ಚೆಲ್ಲ ಅಲ್ಲಿಂದಲೇ. ಸಂಬಳದ ಅನುಪಾತ ಹಿಡಿದರೆ ವಿದ್ಯಾ ಮೂರನೇ ಒಂದು ಭಾಗ ಕೊಟ್ಟರೆ ಸಾಕಿತ್ತು, ಆದರೆ ಮನೆ ಸಾಲ ಪೂರ್ತಿ ಪ್ರಸನ್ನ ಅವರ ಮೇಲಿರುವುದರಿಂದ ವಿದ್ಯಾ ಇದಕ್ಕೆ ಒಪ್ಪಿದರು. ನನಗೆ ಪೂರ್ತಿ ಸಮಾಧಾನ ಇರಲಿಲ್ಲ, ಆದರೆ ಒಪ್ಪಂದ ಅವರದು. ಈಗ ವಿದ್ಯಾರ ಓಡಾಟ ಮತ್ತು ತೌರಿಗೆ ಕಳಿಸುವ 5,000 ಕಳೆದು ಅವರ ಕೈಯಲ್ಲಿ 32,000 ಉಳಿಯುತ್ತದೆ. ತಮ್ಮ ಹೆಸರಲ್ಲಿ 15,000ದ ಎಸ್‌ಐಪಿ, 10,000ದ ಆರ್‌ಡಿ ಶುರು ಮಾಡಿದ್ದಾರೆ. ತೌರಿಗೆ ಕಳಿಸುವುದನ್ನು ಇಷ್ಟು ವರ್ಷ "ಚೀಟಿ" ಎಂದು ಹೇಳಿ ಮುಚ್ಚಿಟ್ಟಿದ್ದರು. ಅದು ಮೂರನೇ ಭೇಟಿಯಲ್ಲೇ ಹೊರಬಂತು. ಪ್ರಸನ್ನ ತಮ್ಮ ತಂದೆಯ ಔಷಧಿಗೆ 6,000 ಕೊಡುವುದನ್ನು ಯಾರಿಗೂ ಮುಚ್ಚಿಟ್ಟಿರಲಿಲ್ಲ. ಎರಡೂ ಒಂದೇ ಎಂದು ಇಬ್ಬರೂ ಒಪ್ಪಲು ಅರ್ಧ ಗಂಟೆಯೂ ಬೇಕಾಗಲಿಲ್ಲ.

ನಿದ್ದೆಯ ವಿಷಯಕ್ಕೆ ನಾನು ಹೆಚ್ಚು ಹಟ ಹಿಡಿದೆ. ಮಂಗಳವಾರ, ಗುರುವಾರ, ಶನಿವಾರ ಬೆಳಗಿನ ಪಾಳಿ ಪ್ರಸನ್ನ ಅವರದು, ತಿಂಡಿ ಡಬ್ಬಿಯಿಂದ ಹಿಡಿದು ಡೇ ಕೇರ್‌ಗೆ ಬಿಡುವವರೆಗೆ. ಆ ಹೊತ್ತಿನಲ್ಲಿ ವಿದ್ಯಾ ಕೋಣೆಯಿಂದ ಹೊರಗೆ ಬರಬಾರದು, "ಉಪ್ಪು ಹಾಕಿದ್ರಾ" ಎಂದು ಕೂಗಲೂಬಾರದು. ಮಗನಿಗೆ ಜ್ವರ ಬಂದರೆ ಒಂದು ಸಲ ಅವರ ರಜೆ, ಮುಂದಿನ ಸಲ ಇವರ ರಜೆ. ಯಾರ ಸರದಿ ಎಂಬುದನ್ನು ಫ್ರಿಜ್ಜಿನ ಮೇಲಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಬೇಕು. ಕಿವಿಯ ತೊಂದರೆಗೆ ಮಕ್ಕಳ ಡಾಕ್ಟರನ್ನು ಇಬ್ಬರೂ ಒಟ್ಟಿಗೆ ಹೋಗಿ ಕಾಣಬೇಕು, ಏನು ಗಮನಿಸಬೇಕು ಎಂದು ಪ್ರಸನ್ನ ತಾವೇ ಕೇಳಿ ತಿಳಿದುಕೊಳ್ಳಬೇಕು. ಓಡಾಟದ ಭಾರ ತಾನಾಗಿಯೇ ಸ್ವಲ್ಪ ಇಳಿದಿತ್ತು. 2025ರ ಆಗಸ್ಟ್‌ನಲ್ಲಿ ಎಲೆಕ್ಟ್ರಾನಿಕ್ ಸಿಟಿ ಕಡೆಯ ಹಳದಿ ಮಾರ್ಗದ ಮೆಟ್ರೊ ಶುರುವಾದ ಮೇಲೆ ಬನಶಂಕರಿಯಿಂದ ಆರ್.ವಿ. ರಸ್ತೆಗೆ ಬಂದು ಅಲ್ಲಿ ರೈಲು ಬದಲಿಸಿದರೆ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ಕಿನಲ್ಲಿ ಕಾಯುವಿಕೆ ಇಲ್ಲ.

ಮಾರ್ಚ್‌ನಲ್ಲಿ ಐದನೇ ಸಲ ಬಂದಾಗ ವಿದ್ಯಾರ ಕಣ್ಣ ಕೆಳಗಿನ ಕಪ್ಪು ಇಳಿದಿತ್ತು. ಜನವರಿಯಲ್ಲಿ ಮಗನಿಗೆ ಮತ್ತೆ ಜ್ವರ ಬಂದಿತ್ತು, ಸರದಿ ಪ್ರಸನ್ನ ಅವರದು. ಎರಡು ದಿನ ರಜೆ ಹಾಕಿದರಂತೆ. ಎರಡನೇ ದಿನ ಮಧ್ಯಾಹ್ನ ಮಗ ಅವರ ಎದೆಯ ಮೇಲೆ ಮಲಗಿದ ಫೋಟೊ ತೋರಿಸಿದರು. ಎಕ್ಸೆಲ್‌ಗೆ ಮಧ್ಯದಲ್ಲಿ ಒಂದು ಹೊಸ ಕಾಲಂ ಬಂದಿದೆ, ಅದರ ತಲೆಗೆ "ಮನೆ" ಎಂದು ಬರೆದಿದ್ದಾರೆ. ಡೇ ಕೇರ್ ಅಲ್ಲಿದೆ.

ಮನೆಯ ಪತ್ರಕ್ಕೆ ವಿದ್ಯಾರ ಹೆಸರು ಸೇರಿಸುವ ಮಾತು ಮಾತ್ರ ಇನ್ನೂ ಹಾಗೇ ನಿಂತಿದೆ. ಸಾಲ ಇರುವ ಮನೆ, ಬ್ಯಾಂಕಿನ ಒಪ್ಪಿಗೆ ಬೇಕು, ನೋಂದಣಿಯ ಖರ್ಚು ಇದೆ. ಬ್ಯಾಂಕಿಗೆ ಹೋಗಿ ಕೇಳಿ ಬರುತ್ತೇನೆಂದು ಡಿಸೆಂಬರಿನಲ್ಲಿ ಹೇಳಿದ್ದ ಪ್ರಸನ್ನ ಮಾರ್ಚ್‌ವರೆಗೂ ಹೋಗಿರಲಿಲ್ಲ. ವಿದ್ಯಾ ಅದನ್ನು ನನ್ನೆದುರಿಗೇ ಕೇಳಿದರು, ದನಿ ಏರಿಸಲಿಲ್ಲ, ನೆಲ ನೋಡಲೂ ಇಲ್ಲ. ಜೂನ್ ಮೂರನೇ ವಾರಕ್ಕೆ ಮುಂದಿನ ಭೇಟಿ ಇಟ್ಟುಕೊಂಡಿದ್ದೇವೆ. ಅಷ್ಟರಲ್ಲಿ ಇಬ್ಬರ ಫಾರಂ 16 ಬಂದಿರುತ್ತದೆ. ಅದರ ಜೊತೆ ಬ್ಯಾಂಕಿನವರ ಉತ್ತರವನ್ನೂ ತರಲು ಹೇಳಿದ್ದೇನೆ.